ಗೇರುಬೀಜದ ವ್ಯಾಪಾರಕ್ಕೆ ಎಷ್ಟು ಫ್ರೆಂಚ್ ಬೇಕು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಭಾಷೆ ಕಲಿಯಲು ಬಾರದು ಎಂದು ಯಾರೂ ಹೇಳಲಾರರು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಉಪ್ಪಳ ಪೇಟೆಗೆ ಇಳಿದರೆ ಉರ್ದು. ಅಂಥವರೇ ಫ್ರೆಂಚ್ ಕ್ಲಾಸಿಗೋ ಜಪಾನಿ ಕ್ಲಾಸಿಗೋ ಸೇರಿ ಮೂರನೇ ತಿಂಗಳಿಗೆ ಪುಸ್ತಕ ಮುಚ್ಚಿಡುತ್ತಾರೆ. ಕೊರತೆ ಇರುವುದು ಪಾಠದಲ್ಲಿ. ವ್ಯಾಪಾರಕ್ಕೆ ಬೇಡದ್ದನ್ನು ಮೊದಲು ಕಲಿಸುತ್ತಾರೆ. ಕಲಿಸುವುದನ್ನೂ ಇಂಗ್ಲಿಷಿನ ಮೂಲಕ ಸುತ್ತಿಸಿ ಕಲಿಸುತ್ತಾರೆ. ನಾಲ್ಕು ಭಾಷೆ ಬಲ್ಲವನನ್ನು ಅವನ ಐದನೇ ಭಾಷೆಯಲ್ಲಿ ಕೂರಿಸಿ ಆರನೆಯದನ್ನು ಹೇಳಿಕೊಟ್ಟರೆ ಇನ್ನೇನಾಗುತ್ತದೆ?

ಗೇರುಬೀಜವನ್ನೇ ಹಿಡಿಯುವ. ಮಂಗಳೂರು-ಕಾಸರಗೋಡು ಸುತ್ತಿನ ಫ್ಯಾಕ್ಟರಿಗಳಿಗೆ ಊರಿನ ಬೆಳೆ ಸಾಲುವುದಿಲ್ಲ. ಕಚ್ಚಾ ಬೀಜ ಆಫ್ರಿಕದಿಂದ ಹಡಗಿನಲ್ಲಿ ಬರುತ್ತದೆ. ಐವರಿ ಕೋಸ್ಟಿನಲ್ಲಿ ಕಾಗದಪತ್ರ ಫ್ರೆಂಚಿನಲ್ಲಿ. ಗಿನಿ ಬಿಸಾವ್, ಮೊಜಾಂಬಿಕ್‌ಗಳಲ್ಲಿ ಪೋರ್ಚುಗೀಸಿನಲ್ಲಿ. ಸುಲಿದ ತಿರುಳು ಹೊರಡುವುದು ದುಬೈ, ಸೌದಿ, ಜಪಾನ್, ನೆದರ್‌ಲ್ಯಾಂಡ್ಸ್‌ಗಳಿಗೆ. ಅಷ್ಟೂ ಭಾಷೆಯನ್ನು ಒಬ್ಬನಿಗೆ ಕಲಿಸಲು ಹೊರಟರೆ ಕೆಲಸ ಕೆಟ್ಟಿತು. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ಇಂಗ್ಲಿಷ್ ಮಾತೃಭಾಷೆಯ ರಾಜತಾಂತ್ರಿಕರಿಗೆ ಅರಬಿಗೂ ಜಪಾನಿಗೂ 88 ವಾರ, ಅಂದರೆ ಸುಮಾರು 2200 ತರಗತಿ ಗಂಟೆ ಬೇಕು ಎಂದು ಲೆಕ್ಕ ಹಾಕಿದೆ. ಅದೂ ದಿನವಿಡೀ ಅದೇ ಕೆಲಸ ಮಾಡುವವರಿಗೆ. ಸಂಜೆ ಆರರ ನಂತರ ಆಫೀಸು ಮುಗಿಸಿ ಬರುವವರ ಹತ್ತಿರ 60 ಗಂಟೆ ಸಿಕ್ಕಿದರೆ ಪುಣ್ಯ. ಹಾಗಾಗಿ ಮೊದಲು ಕತ್ತರಿ ಹಿಡಿಯಬೇಕು.

ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಪಠ್ಯಪುಸ್ತಕ ನೋಡಿ ಪ್ರಯೋಜನವಿಲ್ಲ, ಆಫೀಸಿನ ಫೈಲು ನೋಡಬೇಕು. ಹಿಂದಿನ ಸೀಸನ್ನಿನ ಮೇಲ್, ವಾಟ್ಸಾಪ್ ವಾಯ್ಸ್ ಮೆಸೇಜ್, ಕಾಂಟ್ರಾಕ್ಟು, ಕ್ವಾಲಿಟಿ ರಿಪೋರ್ಟು, ಇನ್‌ವಾಯ್ಸು ಇಷ್ಟನ್ನು ತರಿಸಿ. ವ್ಯಕ್ತಿಗಳ ಹೆಸರು, ಬ್ಯಾಂಕ್ ವಿವರ ಅಳಿಸಿ. ಪ್ರತಿಯೊಂದರ ಮೇಲೆ ಮೂರು ಪ್ರಶ್ನೆ ಬರೆಯಿರಿ: ಇದನ್ನು ಓದಬೇಕಾದವರು ಯಾರು, ಉತ್ತರ ಕೊಡಬೇಕಾದವರು ಯಾರು, ತಪ್ಪಾದರೆ ಎಷ್ಟು ದುಡ್ಡು ಹೋಗುತ್ತದೆ. ಅರ್ಧ ದಿನದ ಕೆಲಸ. ಅಷ್ಟರಲ್ಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಐವರಿ ಕೋಸ್ಟಿನ ಬಂದರು ಅಬಿಜಾನ್‌ನಲ್ಲಿ ಲೋಡಿಂಗಿಗೆ ನಿಲ್ಲುವವನಿಗೆ ಬೇಕಾದದ್ದು ಕೇಳಿ ಮಾತಾಡುವ ಫ್ರೆಂಚ್, ಆಫೀಸಿನಲ್ಲಿ ಡಾಕ್ಯುಮೆಂಟ್ ನೋಡುವವರಿಗೆ ಓದುವ ಫ್ರೆಂಚ್ ಮಾತ್ರ, ತಿರುಳು ಮಾರುವವರಿಗೆ ಒಳ್ಳೆಯ ಇಂಗ್ಲಿಷಿನ ಜೊತೆ ಎದುರಿನವರ ರೀತಿ-ರಿವಾಜಿನ ಅಂದಾಜು. ಬಹಳ ಕಡೆ ನಡೆಯುವುದು ಉಲ್ಟಾ. ಆಫೀಸಿನಲ್ಲಿ ಕೂತವರನ್ನು ಸಂಭಾಷಣೆ ಕ್ಲಾಸಿಗೆ ಕಳಿಸುತ್ತಾರೆ, ಹಡಗುಕಟ್ಟೆಯಲ್ಲಿ ನಿಲ್ಲುವವನನ್ನು ಎಲ್ಲಿಗೂ ಕಳಿಸುವುದಿಲ್ಲ.

ಫ್ರೆಂಚಿನಲ್ಲಿ ಮೊದಲ ಪಾಠ ಸಂಖ್ಯೆ. ಹೆಸರು, ಹವ್ಯಾಸ, ಹವಾಮಾನ ಎಲ್ಲ ಆಮೇಲೆ. ಅರುವತ್ತೊಂಬತ್ತರ ತನಕ ತೊಂದರೆಯಿಲ್ಲ, ಅಲ್ಲಿಂದ ಮುಂದೆ ದಾರಿ ಡೊಂಕು. ಎಪ್ಪತ್ತಕ್ಕೆ ಸ್ವತಂತ್ರ ಹೆಸರಿಲ್ಲ, ಅರುವತ್ತು-ಹತ್ತು. ತೊಂಬತ್ತೈದು ಎಂದರೆ ನಾಲ್ಕು-ಇಪ್ಪತ್ತು-ಹದಿನೈದು. 65 ಎಂಬುದು ಸ್ವಾಸಾಂತ್ ಸ್ಯಾಂಕ್, 75 ಎಂಬುದು ಸ್ವಾಸಾಂತ್ ಕ್ಯಾಂಜ್. ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು ಬರುವುದರಿಂದ ಸ್ವಾಸಾಂತ್ ಕಿವಿಗೆ ಬಿದ್ದ ಕೂಡಲೇ ಕೈ ಆರು ಬರೆದುಬಿಡುತ್ತದೆ. ಆಮೇಲೆ ಕ್ಯಾಂಜ್ ಬಂದರೆ ಆರನ್ನು ಹೊಡೆದು ಏಳು ಮಾಡುವಷ್ಟರಲ್ಲಿ ಎದುರಿನವರು ಮುಂದಿನ ಸಂಖ್ಯೆಗೆ ಹೋಗಿಯಾಗಿರುತ್ತದೆ. ಕಿಲೋಗೆ 385 ಸಿಎಫ್ಎ ಫ್ರಾಂಕೋ (ಐವರಿ ಕೋಸ್ಟಿನ ಹಣ) 395ರೋ ಎಂಬ ವ್ಯತ್ಯಾಸವೂ ಇದೇ ಸ್ಯಾಂಕ್-ಕ್ಯಾಂಜ್‌ನದ್ದು. ಕಿಲೋಗೆ ಹತ್ತು ಫ್ರಾಂಕು ಏನು ಮಹಾ ಎನ್ನಬೇಡಿ. 100 ಟನ್ನಿಗೆ 10 ಲಕ್ಷ ಫ್ರಾಂಕು. ಒಂದು ಯೂರೋಗೆ 655.957 ಫ್ರಾಂಕ್ ಎಂಬ ಸ್ಥಿರ ದರದಲ್ಲಿ ಅದು ಸುಮಾರು 1,524 ಯೂರೋ.

ಅಭ್ಯಾಸ ಹೀಗೆ ಮಾಡಿಸಬೇಕು. ಇಪ್ಪತ್ತು ಬೆಲೆ ಒಂದೇ ಸಮನೆ ಓದಿ ಹೇಳಿ, ಸಂಖ್ಯೆ ಪೂರ್ತಿ ಮುಗಿಯುವವರೆಗೆ ಪೆನ್ನು ಮೇಜಿನ ಮೇಲಿರಲಿ. ಮುಗಿದ ಮೇಲೆ ಬರೆದು, ಬರೆದದ್ದನ್ನು ಒಂದೊಂದೇ ಅಂಕಿಯಾಗಿ ತಿರುಗಿ ಓದಿ ಹೇಳಬೇಕು: ಮೂರು, ಒಂಬತ್ತು, ಐದು. ಫೋನಿನಲ್ಲೂ ಇದೇ ಕ್ರಮ. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ ಬರುವ ತನಕ ಮುಂದಿನ ಪಾಠ ಬೇಡ. ಕಿವಿಗೆ ಹತ್ತಿರ ಇರುವ ಜೋಡಿಗಳನ್ನು ಬೇರೆಯಾಗಿ ತಿದ್ದಿಸಿ: 2 ಮತ್ತು 12 ದ್ಯೋ, ದೂಜ್, 13 ಮತ್ತು 16 ತ್ರೇಜ್, ಸೇಜ್. ಅರಬಿಯಲ್ಲೂ ಜರ್ಮನ್‌ನಲ್ಲೂ ಇನ್ನೊಂದು ತರಹದ ಕಷ್ಟ, ಅಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಇಪ್ಪತ್ತೈದಕ್ಕೆ ಅರಬಿಯಲ್ಲಿ ಖಮ್ಸ ವ ಇಶ್ರೀನ್. ಕೊಂಕಣಿ, ಮರಾಠಿ ಮನೆಮಾತಿನವರು ಪಂಚವೀಸ್ ಎನ್ನುವಾಗ ಮಾಡುವುದೂ ಅದನ್ನೇ. ಅಂಥ ಒಬ್ಬರು ಕ್ಲಾಸಿನಲ್ಲಿದ್ದರೆ ಅವರನ್ನು ಕನ್ನಡ, ತುಳುವಿನವರ ಪಕ್ಕದಲ್ಲೇ ಕೂರಿಸಿ.

ಕೇಳುವ ಸಂಖ್ಯೆಯಷ್ಟೇ ಅಪಾಯ ಬರೆಯುವ ಸಂಖ್ಯೆಯಲ್ಲೂ ಉಂಟು. ಫ್ರೆಂಚಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಖಾಲಿ ಜಾಗ. ಜರ್ಮನ್‌ನಲ್ಲಿ ಸಾವಿರಕ್ಕೆ ಚುಕ್ಕಿ, 1.250 ಕಿಲೋ ಎಂದು ಬರೆದರೆ ಒಂದೂಕಾಲು ಟನ್ನು. ನಮ್ಮ 1,25,000 ನೋಡಿ ಅವರು ಎಲ್ಲೋ ಸೊನ್ನೆ ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಕೊಟೇಶನ್ನಿನಲ್ಲಿ ಲಕ್ಷದ ಅಲ್ಪವಿರಾಮ ಹಾಕಲೇಬಾರದು, ಮುಖ್ಯ ಮೊತ್ತವನ್ನು ಅಕ್ಷರದಲ್ಲೂ ಬರೆಯಬೇಕು, ತಿಂಗಳಿಗೆ ಅಂಕಿಯ ಬದಲು ಹೆಸರು ಹಾಕಬೇಕು. 05/03 ಮಾರ್ಚೋ ಮೇಯೋ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ.

ಎರಡನೇ ಪಾಠಕ್ಕೆ ಕ್ಲಾಸಿಗೆ ಬೀಜವನ್ನೇ ತರಬೇಕು. ಒಂದು ಕಿಲೋ ಕಚ್ಚಾ ಬೀಜ, ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಬೀಜ ಕತ್ತರಿಸುವ ಕತ್ತಿ, ಕೈಗೆ ಹಚ್ಚಲು ಎಣ್ಣೆ ಅಥವಾ ಗ್ಲೌಸು. ಸೊನೆ ತಾಗಿದರೆ ಚರ್ಮ ಸುಡುತ್ತದೆ, ಅದನ್ನು ಮೇಸ್ಟ್ರಿಗೆ ಮೊದಲೇ ಹೇಳಿಡಿ. ಮೇಜಿನ ಮೇಲೆ ಫ್ರೆಂಚಿನ ಖಾಲಿ ಕ್ವಾಲಿಟಿ ರಿಪೋರ್ಟ್. ಬೀಜ ಎಣಿಸಿ ಕಿಲೋಗೆ ಎಷ್ಟು ಎಂದು ಗ್ರೆನಾಜ್ ಎಂಬ ಸಾಲಿನಲ್ಲಿ ಬರೆಯಬೇಕು, ತೇವಾಂಶ ಯುಮಿದಿತೆ ಸಾಲಿನಲ್ಲಿ. ಆಮೇಲೆ ಒಂದೊಂದೇ ಕತ್ತರಿಸಿ ರಾಶಿ ಮಾಡಬೇಕು: ಒಳ್ಳೆಯ ತಿರುಳು, ಕಲೆಯಾದದ್ದು, ಬೂಷ್ಟು ಹಿಡಿದದ್ದು, ಬಲಿಯದ್ದು, ಟೊಳ್ಳು. ಪ್ರತಿ ರಾಶಿಯ ಫ್ರೆಂಚ್ ಹೆಸರನ್ನು ಕೈಯಲ್ಲಿ ಹಿಡಿದೇ ಹೇಳಬೇಕು. ಒಳ್ಳೆಯದು 262 ಗ್ರಾಂ, ಕಲೆಯಾದದ್ದು 16 ಗ್ರಾಂ ಎಂದಿಟ್ಟುಕೊಳ್ಳಿ. ಕಲೆಯಾದದ್ದರ ಅರ್ಧ ಸೇರಿಸಿದರೆ 270. ಅದನ್ನು 0.17637ರಿಂದ ಗುಣಿಸಿದರೆ 47.6, 80 ಕಿಲೋ ಗೋಣಿಗೆ ಇಷ್ಟು ಪೌಂಡು ಉಪಯೋಗದ ತಿರುಳು ಎಂದು ಅರ್ಥ. ಇದೇ ಕೆಓಆರ್, ಬೆಲೆಯ ಜಗಳವೆಲ್ಲ ಇದರ ಮೇಲೆ. ಕೊನೆಗೆ ಫಲಿತಾಂಶವನ್ನು ಫೋನಿಗೆ ಹೇಳಬೇಕು: ಕಾರಾಂತ್ ಸೆತ್ ವಿರ್ಗ್ಯೂಲ್ ಸಿಸ್. ಪಾಯಿಂಟ್ ಎಂದರೆ ಅಲ್ಲಿ ಯಾರಿಗೂ ಅಭ್ಯಾಸವಿಲ್ಲ.

ಈ ಎರಡು ಗಂಟೆ ಕಳೆದ ಮೇಲೆ ಹತ್ತು-ಹನ್ನೆರಡು ಶಬ್ದ ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ಬೀಜ ಬಲ್ಲವನಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ್ದು ಹೆಸರು ಮಾತ್ರ. ಭಾಷೆಯ ಮೇಸ್ಟ್ರಿಗೆ ಮಾತ್ರ ಕೆಓಆರ್ ಎಂದರೆ ಎಂತ ಎಂದು ಗೊತ್ತಿರುವುದಿಲ್ಲ. ಹಾಗಾಗಿ ಕೋರ್ಸಿನ ಮೊದಲ ಹತ್ತು ಗಂಟೆಯಾದರೂ ಫ್ಯಾಕ್ಟರಿಯ ಅನುಭವಿ ಒಬ್ಬರು ಮೇಸ್ಟ್ರ ಜೊತೆ ಕೂರಬೇಕು. ಇದಕ್ಕೆ ಒಪ್ಪದ ಕಂಪೆನಿಗೆ ಕೋರ್ಸು ಮಾಡಿಕೊಡುವುದು ದಂಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಚ್ಚಾರಣೆಗೆ ಹೆಚ್ಚು ಸಮಯ ಬೇಡ. ಪ್ಯಾರಿಸಿನವರ ಗಂಟಲ ರ-ಕಾರ ತರಲು ಒದ್ದಾಡಬೇಕಾಗಿಲ್ಲ. ಪಶ್ಚಿಮ ಆಫ್ರಿಕದಲ್ಲಿ ನಾಲಗೆ ತುದಿಯ ರ-ಕಾರದವರು ಬೇಕಾದಷ್ಟು ಸಿಗುತ್ತಾರೆ, ನಮ್ಮದೂ ಅದೇ. ಈ ಎನ್ನುತ್ತ ತುಟಿಯನ್ನು ಊ ಎನ್ನುವ ಹಾಗೆ ಮುಂದೆ ಮಾಡಿದರೆ ಫ್ರೆಂಚಿನ ಉ ಬರುತ್ತದೆ, ಅಷ್ಟು ಸಾಕು. ಕೇಳುವ ಅಭ್ಯಾಸಕ್ಕೆ ಮಾತ್ರ ಪಠ್ಯಪುಸ್ತಕದ ಜೊತೆ ಬರುವ ಪ್ಯಾರಿಸ್ ಆಡಿಯೋ ನಂಬಬೇಡಿ. ಒಪ್ಪಿಗೆ ಪಡೆದು ಅಲ್ಲಿನ ಏಜೆಂಟರಿಂದಲೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ತರಿಸಿ. ಹಿಂದೆ ಲಾರಿ ಹಾರ್ನು, ಹಮಾಲರ ಕೂಗು ಇದ್ದರೆ ಇನ್ನೂ ಒಳ್ಳೆಯದು.

ಓದುವ ಪಾಠದಲ್ಲಿ ನಮ್ಮವರು ಮೊದಲೇ ಒಂದು ಹೆಜ್ಜೆ ಮುಂದೆ ಇದ್ದಾರೆ. 1956ರಿಂದ ಕಾಸರಗೋಡಿನ ಕನ್ನಡಿಗರು ಗೊತ್ತಿಲ್ಲದ ಲಿಪಿಯ ಅರ್ಜಿಯಲ್ಲಿ ಹೆಸರಿನ ಜಾಗ ಯಾವುದು, ಸರ್ವೆ ನಂಬರಿನ ಜಾಗ ಯಾವುದು ಎಂದು ಹುಡುಕಿ ತುಂಬಿಸುತ್ತಲೇ ಬಂದಿದ್ದಾರೆ. ಆ ಚಾಳಿಯನ್ನೇ ಇಲ್ಲಿ ಬಳಸಿ: ಮೊದಲು ಅಂಕಿ, ಆಮೇಲೆ ದಿನಾಂಕ, ಮೊಹರು, ಸಹಿ, ಕೊನೆಗೆ ವಾಕ್ಯ. ಒಂದು ಜಾಗದಲ್ಲಿ ಮಾತ್ರ ಕಣ್ಣು ಬಿಟ್ಟು ನೋಡಬೇಕು. ಫ್ರೆಂಚ್ ಕಾಗದದಲ್ಲಿ ಸಿಎಎಫ್ ಎಂದಿದ್ದರೆ ಅದು ನಮ್ಮ ಸಿಐಎಫ್, ವಿಮೆ ಸೇರಿದ ದರ. ಅದನ್ನು ಸಿ ಆ್ಯಂಡ್ ಎಫ್ (ವಿಮೆ ಸೇರದ ದರ) ಎಂದು ಓದಿದರೆ ವಿಮೆಗೆ ಎರಡು ಸಲ ದುಡ್ಡು ಕಟ್ಟುತ್ತೀರಿ. ನಮ್ಮ ಕಡೆಯವರೇ ಮಾರುವಾಗ ಹೀಗೆ ತಪ್ಪು ಓದಿದರೆ ಸರಕು ವಿಮೆಯಿಲ್ಲದೆ ಸಮುದ್ರಕ್ಕಿಳಿಯುತ್ತದೆ.

ಜಪಾನಿಗೆ ಇಂಗ್ಲಿಷಿನ ಸುತ್ತುದಾರಿ ಇನ್ನೂ ದೊಡ್ಡ ನಷ್ಟ. ವಾತಾಶಿ ವಾ ಕಾಯ್ಶಾ ನಿ ಇಕಿಮಾಸು ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಪದ ಎಲ್ಲ ಹಿಂದುಮುಂದು. ಕನ್ನಡದಲ್ಲಿ ಸಾಲಾಗಿ ಕೂರುತ್ತದೆ: ನಾನು ಕಂಪೆನಿಗೆ ಹೋಗುತ್ತೇನೆ. ನಿ ಎಂಬುದು ನಮ್ಮ ಗೆ, ಕ್ರಿಯಾಪದ ಕೊನೆಗೆ. ಕಿತೆ, ಕಿತ್ತೆ ಬೇರೆ ಬೇರೆ ಎಂದು ಬೇರೆ ದೇಶದ ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಹೇಳಿಕೊಡಬೇಕಾಗುತ್ತದೆ. ಕತೆ, ಕತ್ತೆ ಎನ್ನುವವರಿಗೆ ಒಂದು ನಿಮಿಷ. ಇನ್ನು ಸರ್ಟಿಫಿಕೇಟಿನ ವಿಷಯ. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಪದ-ವ್ಯಾಕರಣ, ಓದು ಮತ್ತು ಆಲಿಸುವಿಕೆ ಮಾತ್ರ. ಅದರ ಎನ್3 ಹಂತ ಪಾಸಾದವರು ಫೋನು ಎತ್ತಿದಾಗ ಮೌನವಾದರೆ ಅವರನ್ನು ಬೈಯಬೇಡಿ. ಫ್ರೆಂಚಿನ ಡೆಲ್ಫ್ ಪರೀಕ್ಷೆಯಲ್ಲಿ ನಾಲ್ಕೂ ಕೌಶಲ ಇವೆ, ಆದರೆ ಅದು ಬೀಜದ ವ್ಯಾಪಾರಕ್ಕೆಂದು ಮಾಡಿದ್ದಲ್ಲ. ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಹೋಗುವವರಿಗೆ ಸರ್ಟಿಫಿಕೇಟ್ ಬೇಕೇ ಬೇಕು. ಆಫೀಸಿನ ಕೋರ್ಸಿಗೆ ನನ್ನ ಪರೀಕ್ಷೆ ಹತ್ತು ನಿಮಿಷದ್ದು: ವಾಯ್ಸ್ ಮೆಸೇಜ್ ಕೇಳಿ, ಹಾಳೆ ತುಂಬಿಸಿ, ಉತ್ತರ ಹೇಳಿ.

ಸಂಸ್ಕೃತಿಯ ಪಾಠಕ್ಕೆ ಬಂದರೆ, ಜಪಾನಿನವರು ಹೀಗೆ, ಅರಬರು ಹಾಗೆ ಎಂಬ ಪಟ್ಟಿ ಹಂಚುವ ತರಬೇತಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಇವುಗಳಲ್ಲಿ ಪದೇ ಪದೇ ತೋರಿಸುವ, ದೇಶದೇಶದ ಸಂಸ್ಕೃತಿಯನ್ನು ಅಳೆಯುವ ಹಾಫ್‌ಸ್ಟೀಡ್ ಅಂಕಗಳ ಮೂಲ 1967ರಿಂದ 1973ರ ನಡುವೆ ಐಬಿಎಂ ನೌಕರರಲ್ಲಿ ಮಾಡಿದ ಸಮೀಕ್ಷೆ. ಅದು ದೇಶದ ಸರಾಸರಿ. ಫೋನಿನ ಆಚೆ ಇರುವವರು ಸರಾಸರಿ ಅಲ್ಲ. ಅದಕ್ಕಿಂತ ನಮ್ಮ ಅಭ್ಯಾಸ ಎಲ್ಲಿ ಎಡವುತ್ತದೆ ಎಂದು ತಿಳಿದರೆ ಲಾಭ.

ಒಂದು, ನಮ್ಮ ಆಯ್ತು. ಕೇಳಿಸಿತು ಎಂಬ ಅರ್ಥದಲ್ಲಿ ಯೆಸ್, ಓಕೆ ಎಂದುಬಿಡುತ್ತೇವೆ, ನೆದರ್‌ಲ್ಯಾಂಡ್ಸ್‌ನವರು ಒಪ್ಪಿದರು ಎಂದು ಬರೆದುಕೊಳ್ಳುತ್ತಾರೆ. ಮಾತು ಮುಗಿದ ಒಂದು ಗಂಟೆಯೊಳಗೆ ಮೂರು ಸಾಲಿನ ಮೇಲ್ ಹೋಗಬೇಕು: ಏನು ಒಪ್ಪಿದೆವು, ಎಷ್ಟು ಮತ್ತು ಯಾವಾಗ, ಏನು ಬಾಕಿ. ಎರಡು, ಮೌನ. ದರ ಹೇಳಿದ ಮೇಲೆ ಜಪಾನಿನ ಕಡೆಯಿಂದ ಸದ್ದಿಲ್ಲದಿದ್ದರೆ ನಮ್ಮವರಿಗೆ ಕೂರಲಾಗುವುದಿಲ್ಲ, ತಾವೇ ದರ ಇಳಿಸುತ್ತಾರೆ. ಆಚೆಯವರು ಲೆಕ್ಕ ಹಾಕುತ್ತಿರಬಹುದು, ಪಕ್ಕದವರನ್ನು ಕೇಳುತ್ತಿರಬಹುದು. ದರ ಹೇಳಿ ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸುವುದನ್ನು ಕ್ಲಾಸಿನಲ್ಲಿ ಮಾಡಿಸಬೇಕು. ಓದಿ ತಿಳಿಯುವ ವಿಷಯ ಅಲ್ಲ ಇದು. ಮೂರು, ಆಫ್ರಿಕದ ಫೋನು. ಆರೋಗ್ಯ, ಮನೆಯವರು, ಮಳೆ ಎಲ್ಲ ವಿಚಾರಿಸದೆ ನೇರ ದರಕ್ಕೆ ಹೋದರೆ ಒರಟು ಅನಿಸುತ್ತದೆ. ನಮ್ಮಲ್ಲೂ ಅಷ್ಟೇ, ಆದರೆ ಇಂಗ್ಲಿಷಿನಲ್ಲಿ ಮಾತಾಡುವಾಗ ಅದು ಮರೆತುಹೋಗುತ್ತದೆ. ಫ್ರೆಂಚಿನ ವೂ (ನೀವು), ತ್ಯು (ನೀನು) ವ್ಯತ್ಯಾಸ ತುಳುವಿನ ಈರ್, ಈ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಎಷ್ಟೇ ಸಲಿಗೆ ಬಂದರೂ ಅವರೇ ತ್ಯು ಎನ್ನುವ ತನಕ ವೂ ಬಿಡಬಾರದು ಎಂದಷ್ಟೇ ಹೇಳಿ.

ಕ್ಯಾಲೆಂಡರು ಗೋಡೆಯ ಮೇಲೆ ತೂಗಿದರೆ ಸಾಕು, ಪಾಠ ಬೇಡ. ಯುಎಇ 2022ರ ಜನವರಿ 1ರಿಂದ ಶನಿವಾರ-ಭಾನುವಾರದ ರಜೆಗೆ ಬದಲಾಗಿದೆ, ಶುಕ್ರವಾರ ಸರ್ಕಾರಿ ಕಚೇರಿ ಮಧ್ಯಾಹ್ನದ ತನಕ. ಶಾರ್ಜಾದಲ್ಲಿ ಸರ್ಕಾರಿ ಕಚೇರಿಗೆ ಶುಕ್ರವಾರವೂ ಸೇರಿ ಮೂರು ದಿನ. ಸೌದಿಯಲ್ಲಿ 2013ರಿಂದ ಶುಕ್ರ-ಶನಿ. ಜಪಾನ್ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಬಹುತೇಕ ಮುಚ್ಚಿರುತ್ತದೆ. ಅಬಿಜಾನ್ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನು ಹಚ್ಚಿ ಎತ್ತುವುದಿಲ್ಲ ಎಂದು ಗೊಣಗುವವರು ಈಗಲೂ ಇದ್ದಾರೆ ಮಾರಾಯ್ರೆ.

ಇದೆಲ್ಲ ಗಟ್ಟಿಯಾಗುವುದು ಚೀಟಿ ಆಟದಲ್ಲಿ. ಇಬ್ಬರಿಗೆ ಒಂದೊಂದು ಚೀಟಿ ಕೊಡಿ, ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಮಾರುವವರ ಚೀಟಿ: ಡಬ್ಲ್ಯೂ 320 ದರ್ಜೆಯ ತಿರುಳು, 50 ಪೌಂಡಿನ 700 ಕಾರ್ಟನ್, ಅಂದರೆ ಇಪ್ಪತ್ತಡಿಯ ಒಂದು ಕಂಟೇನರ್ ಒಪ್ಪಿದ್ದೀರಿ, ಡ್ರೈಯರ್ ಕೆಟ್ಟಿದೆ, ಹೇಳಿದ ದಿನಕ್ಕೆ 450 ಮಾತ್ರ ಸಿದ್ಧ. ಕೊಳ್ಳುವವರ ಚೀಟಿ: ನಿಮ್ಮ ಗಿರಾಕಿಗೆ ತಕ್ಷಣ ಬೇಕಾದದ್ದು 400 ಮಾತ್ರ, ಇದನ್ನು ನೀವಾಗಿ ಹೇಳಬೇಡಿ, ಹೊಸ ದಿನಾಂಕ ಸಿಗದಿದ್ದರೆ ಆರ್ಡರ್ ರದ್ದು. ಆರು ನಿಮಿಷ, ಪರಭಾಷೆಯಲ್ಲೇ. ಹೆಚ್ಚಿನವರು ಕೊರತೆಯನ್ನು ಮುಚ್ಚಿಟ್ಟು, ಪ್ರಯತ್ನ ಮಾಡುತ್ತೇವೆ ಎಂದು ಎಳೆಯುತ್ತಾರೆ. ಕಾರಣ, ಹೊಸ ದಿನಾಂಕ, ಈಗ ಕಳಿಸಬಹುದಾದ ಪ್ರಮಾಣ ಮೂರನ್ನೂ ಮೊದಲೇ ಹೇಳಿದವರಿಗೆ ವ್ಯಾಪಾರ ಕೈತಪ್ಪುವುದಿಲ್ಲ. 450 ಎಂದ ಕೂಡಲೇ ಎದುರಿನ ಚೀಟಿಯ ಕೆಲಸ ಮುಗಿಯಿತಲ್ಲ.

ಆಟ ಮುಗಿದ ಮೇಲಿನ ಚರ್ಚೆ ಮಾತ್ರ ಕನ್ನಡದಲ್ಲೋ ತುಳುವಿನಲ್ಲೋ ನಡೆಯಲಿ. ಆ ಮೌನದಲ್ಲಿ ಏನು ಅನಿಸಿತು, ಯಾಕೆ ಮುಚ್ಚಿಟ್ಟಿರಿ, ಯಾರಿಗೆ ಹೆದರಿದಿರಿ ಎಂಬುದನ್ನು ಅರೆಬರೆ ಫ್ರೆಂಚಿನಲ್ಲಿ ಹೇಳಿಸಿದರೆ ಎಲ್ಲರೂ ಪುಸ್ತಕದ ವಾಕ್ಯವನ್ನೇ ಒಪ್ಪಿಸುತ್ತಾರೆ. ಮನೆಮಾತಿನಲ್ಲಿ ಕೇಳಿದರೆ ಧಣಿಗಳು ಬೈದಾರು ಎಂಬ ನಿಜವಾದ ಉತ್ತರ ಹೊರಗೆ ಬರುತ್ತದೆ. ಆ ಉತ್ತರ ಬಂದರೆ ತಿದ್ದಬೇಕಾದದ್ದು ಆಫೀಸಿನ ಪದ್ಧತಿ: ಕೊರತೆಯ ಸುದ್ದಿಯನ್ನು ಕೊಳ್ಳುವವರಿಗೆ ತಿಳಿಸುವ ಅಧಿಕಾರ ಯಾರಿಗೆ, ಎಷ್ಟು ದಿನ ಮೊದಲು ಎಂದು ಬರೆದು ಅಂಟಿಸಬೇಕು.

60 ಗಂಟೆಯ ಹಂಚಿಕೆ ಹೀಗಿರಲಿ: ಸಂಖ್ಯೆ, ದಿನಾಂಕ, ಅಳತೆಗೆ 12, ಕ್ವಾಲಿಟಿ ಮತ್ತು ಕಾಗದಪತ್ರಕ್ಕೆ 16, ಫೋನು, ವಾಯ್ಸ್ ಮೆಸೇಜಿಗೆ 16, ತಕರಾರು, ತಡದ ಮಾತಿಗೆ 10, ಕುಶಲೋಪರಿಗೆ 6. ಎಂಟು ಜನಕ್ಕಿಂತ ಹೆಚ್ಚು ಬೇಡ, ಒಬ್ಬೊಬ್ಬರ ಬಾಯಿ ತೆರೆಸಲು ಸಮಯ ಸಾಲದು. ವಾರಕ್ಕೆ ಐದು ಗಂಟೆಯಂತೆ ಹನ್ನೆರಡು ವಾರ. ಪಶ್ಚಿಮ ಆಫ್ರಿಕದ ಬೀಜದ ಸೀಸನ್ ಫೆಬ್ರವರಿ ಸುಮಾರಿಗೆ ಶುರುವಾಗುವುದರಿಂದ ಕ್ಲಾಸನ್ನು ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ ಆರಂಭಿಸಿದರೆ ಜನವರಿಗೆ ಮುಗಿದು ನೇರ ಉಪಯೋಗಕ್ಕೆ ಬರುತ್ತದೆ. ಜೂನಿನಲ್ಲಿ ಶುರುಮಾಡಿದರೆ ಕಲಿತದ್ದು ಸೀಸನ್ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಸೀಸನ್ ಮುಗಿದ ಮೇಲೂ ವಾರಕ್ಕೊಂದು ವಾಯ್ಸ್ ಮೆಸೇಜ್ ಅಲ್ಲಿನ ಏಜೆಂಟರಿಗೆ ಹೋಗಲಿ. ವ್ಯಾಪಾರದ ಮಾತು ಇಲ್ಲದಿದ್ದರೆ ಮಳೆಯ ಮಾತು ಉಂಟಲ್ಲ.